ಜಾಮೀನು ಸಿಕ್ಕಿದರೂ ಜೈಲಲ್ಲೇ ಎರಡು ತಿಂಗಳು

ಸಂಪಾದಕರಿಗೆ ನಮಸ್ಕಾರ.

ನಮ್ಮೂರಿನ ಹುಡುಗನೊಬ್ಬ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದ. ಹೋದ ವರ್ಷ ಮೊಬೈಲ್ ಕಳವಿನ ಕೇಸಲ್ಲಿ ಪೊಲೀಸರು ಹಿಡಿದರು. ಕದ್ದನೋ ಇಲ್ಲವೋ ನನಗೆ ಗೊತ್ತಿಲ್ಲ, ಅದನ್ನು ಕೋರ್ಟು ತೀರ್ಮಾನಿಸಲಿ. ಮೂರು ವಾರಕ್ಕೆ ಜಾಮೀನು ಆಯಿತು ಅಂತ ಫೋನ್ ಬಂದಾಗ ಅವರಮ್ಮ ಗುಡಿಗೆ ಹೋಗಿ ಕಾಯಿ ಒಡೆಸಿದರು. ಪಹಣಿ ಇರುವವರೊಬ್ಬರು ಬಂದು ಶ್ಯೂರಿಟಿ ನಿಲ್ಲಬೇಕು ಅನ್ನುವುದು ಆಮೇಲೆ ಗೊತ್ತಾಯಿತು. ಪಾಪ, ಮನೆಮನೆ ಅಲೆದರು. ಹುಡುಗ ವಾಯಿದೆಗೆ ಬರದಿದ್ದರೆ ದುಡ್ಡು ನಾವು ಕಟ್ಟಬೇಕು, ನಾಳೆ ಹೊಲಕ್ಕೇ ಕುತ್ತು ಬಂದರೆ ಏನು ಗತಿ ಅಂತ ಎಲ್ಲರೂ ಹಿಂದೆ ಸರಿದರು. ಅವರನ್ನು ಬೈಯೋಕೂ ಆಗಲ್ಲ, ಇರುವುದೇ ಎರಡೆಕರೆ. ಕೊನೆಗೆ ನಾನೇ ಕೂಲಿ ಬಿಟ್ಟು ರಾತ್ರಿ ಬಸ್ಸಿಗೆ ಹೋದೆ. ಅಷ್ಟರಲ್ಲಿ ಜಾಮೀನು ಆಗಿ ಎರಡು ತಿಂಗಳು ಕಳೆದಿತ್ತು.

ಇದು ಇವತ್ತಿನ ಸಮಸ್ಯೆಯಲ್ಲ. ಮಧ್ಯಪ್ರದೇಶದಲ್ಲಿ ಮೋತಿರಾಮ್ ಅನ್ನುವವರೂ ಗಾರೆ ಕೆಲಸದವರೇ. ಅವರಿಗೆ ಕೆಳಗಿನ ಕೋರ್ಟು 10,000 ರೂಪಾಯಿ ಶ್ಯೂರಿಟಿ ಕೇಳಿತ್ತು, ಒಡಹುಟ್ಟಿದವನು ಬಂದು ನಿಂತರೆ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಒಪ್ಪಲಿಲ್ಲ. 1978ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದು ತಪ್ಪು ಅಂತ ಹೇಳಿ, 1,000 ರೂಪಾಯಿಗೆ ಅವರೇ ಬರೆದುಕೊಡುವ ಸ್ವಂತ ಬಾಂಡ್ ಮೇಲೆ ಬಿಡಿಸಿದರು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಬಿಡಿಸಿ ಹೇಳಿತು. ಜಾಮೀನು ಸಿಕ್ಕ ಏಳು ದಿನದೊಳಗೆ ಕೈದಿ ಹೊರಬರದಿದ್ದರೆ ಜೈಲಿನವರು ಪುಕ್ಕಟೆ ಕಾನೂನು ನೆರವು ಕೊಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ತಿಂಗಳಾದರೂ ಬಾಂಡ್ ಕೊಡಲು ಆಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸುವ ಬಗ್ಗೆ ನೋಡಬಹುದು, ಸ್ಥಳೀಯರದ್ದೇ ಶ್ಯೂರಿಟಿ ಬೇಕು ಅಂತ ಪಟ್ಟು ಹಿಡಿಯಬಾರದು. ನಮ್ಮ ಹುಡುಗನ ವಿಷಯದಲ್ಲಿ ಇದರ ಮಾತನ್ನೇ ಯಾರೂ ಎತ್ತಲಿಲ್ಲ. ಜೈಲಲ್ಲಿರುವ ಯಾರಿಗೇ ಆಗಲಿ ಸರ್ಕಾರ ಪುಕ್ಕಟೆ ವಕೀಲರನ್ನು ಕೊಡಬೇಕು ಅನ್ನುವುದೂ ಆ ತಾಯಿಗೆ ಗೊತ್ತಿರಲಿಲ್ಲ.

2022ರ ಕೊನೆಗೆ ದೇಶದ ಜೈಲುಗಳಲ್ಲಿ 5.73 ಲಕ್ಷ ಜನ ಇದ್ದರು. ಅವರಲ್ಲಿ 4.34 ಲಕ್ಷ ಜನರ ವಿಚಾರಣೆಯೇ ಮುಗಿದಿರಲಿಲ್ಲ. ಅಂದರೆ ನಾಲ್ವರಲ್ಲಿ ಮೂವರು. ದುಡ್ಡಿದ್ದವನು ಜಾಮೀನು ಆದ ದಿನವೋ ಮಾರನೇ ದಿನವೋ ಮನೆಗೆ ಬರುತ್ತಾನೆ. ಇಲ್ಲದವನು ಯಾವ ಶಿಕ್ಷೆಯೂ ಆಗದೆ ಒಳಗೇ ಕೊಳೆಯುತ್ತಾನೆ. ಇದು ಅನ್ಯಾಯ ಅಲ್ವಾ?

ನಿಮ್ಮ ವರದಿಗಾರರು ದಯವಿಟ್ಟು ಒಂದು ಕೆಲಸ ಮಾಡಲಿ. ಜಾಮೀನು ಸಿಕ್ಕಿಯೂ ಒಳಗಿರುವವರು ಎಷ್ಟು ಜನ ಅಂತ ಪ್ರತಿ ಜಿಲ್ಲೆಯ ಜೈಲಿನಲ್ಲೂ ಕೇಳಿ ಪತ್ರಿಕೆಯಲ್ಲಿ ಹಾಕಲಿ. ನಮ್ಮ ಹುಡುಗನ ಬ್ಯಾರಕ್ಕಿನಲ್ಲೇ ಹಾಗೆ ಶ್ಯೂರಿಟಿಗೆ ಕಾಯುತ್ತಿದ್ದವರು ಇನ್ನೂ ನಾಲ್ಕು ಜನ ಇದ್ದರಂತೆ.

– ಒಬ್ಬ ಓದುಗ, ರಾಯಚೂರು ಜಿಲ್ಲೆ