ತಳ್ಳಿ ಮುಂದೆ ಹೋದರೆ ಹಿಂದಿಕ್ಕಿದಂತಾಯಿತೇ?

ಮಾನ್ಯ ಸಂಪಾದಕರೇ,

ನಗರದ ಗೋ-ಕಾರ್ಟಿಂಗ್ ಟ್ರ್ಯಾಕ್‌ಗಳ ಕುರಿತು ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಬರಹವನ್ನು ಆಸಕ್ತಿಯಿಂದ ಓದಿದೆ. ರಜೆಯಲ್ಲಿ ಮಕ್ಕಳು ಮೊಬೈಲ್ ಬದಿಗಿಟ್ಟು ಸ್ಟೀರಿಂಗ್ ಹಿಡಿಯುತ್ತಿರುವುದು ಸಂತೋಷದ ಸಂಗತಿಯೇ. ಆದರೆ ಮುಂದಿನ ಕಾರ್ಟಿಗೆ ಹಿಂದಿನಿಂದ ಗುದ್ದಿ, ಅದು ತಿರುವಿನಲ್ಲಿ ಅಡ್ಡಡ್ಡ ತಿರುಗಿ ನಿಂತಾಗ ಮುನ್ನುಗ್ಗಿದ ಹುಡುಗನೊಬ್ಬನ ಕೆಚ್ಚನ್ನು ಆ ಬರಹ ಕೊಂಡಾಡಿದ್ದು ನನಗೆ ಸರಿಕಾಣಲಿಲ್ಲ. ವಾರಾಂತ್ಯದ ಕಾರ್ಟ್ ರೇಸ್‌ಗಳಲ್ಲಿ ಏಳೆಂಟು ವರ್ಷ ಮಾರ್ಷಲ್ ಆಗಿ ಬಾವುಟ ಹಿಡಿದು ತಿರುವಿನ ಬದಿಯಲ್ಲಿ ನಿಂತ ಅನುಭವದಿಂದ ಹೇಳುವುದಾದರೆ, ಹಿಂದಿಕ್ಕಲು ಬಾರದವರೇ ತಳ್ಳುತ್ತಾರೆ.

ಕಾರನ್ನು ಚಿಕ್ಕದು ಮಾಡಿದರೆ ಕಾರ್ಟ್ ಆಗುತ್ತದೆ ಎಂಬ ಭಾವನೆ ಹಲವರಲ್ಲಿದೆ. ಆದರೆ ಕಾರ್ಟಿಗೆ ಸಸ್ಪೆನ್ಷನ್ ಇಲ್ಲ, ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ಉರುಳಲು ಬಿಡುವ ಡಿಫರೆನ್ಷಿಯಲ್ ಇಲ್ಲ. ಹಿಂದಿನ ಎರಡೂ ಚಕ್ರಗಳು ಒಂದೇ ಗಟ್ಟಿ ಆಕ್ಸೆಲ್‌ಗೆ ಬಿಗಿದಿರುವುದರಿಂದ ಎರಡೂ ಒಂದೇ ವೇಗದಲ್ಲಿ ಉರುಳಲೇಬೇಕು. ತಿರುವಿನಲ್ಲಿ ಒಳಗಿನ ಚಕ್ರ ಕಡಿಮೆ ದೂರವನ್ನೂ ಹೊರಗಿನ ಚಕ್ರ ಹೆಚ್ಚು ದೂರವನ್ನೂ ಕ್ರಮಿಸಬೇಕಾಗಿರುವಾಗ, ಒಳಗಿನ ಹಿಂಚಕ್ರ ಕ್ಷಣಕಾಲ ನೆಲ ಬಿಟ್ಟು ಎದ್ದರೆ ಮಾತ್ರ ಕಾರ್ಟ್ ಸಲೀಸಾಗಿ ತಿರುಗುತ್ತದೆ. ಇನ್ನು ಗೇರ್ ಇಲ್ಲದ ವರ್ಗಗಳಲ್ಲಿ ಸಾಮಾನ್ಯವಾಗಿ ಬ್ರೇಕ್ ಇರುವುದು ಆ ಹಿಂದಿನ ಆಕ್ಸೆಲ್‌ಗೆ ಮಾತ್ರ. ಹೀಗಿರುವಾಗ ನೇರ ಹಾದಿಯ ಕೊನೆಯಲ್ಲಿ ಎದುರಾಳಿಗಿಂತ ತೀರಾ ತಡವಾಗಿ ಬ್ರೇಕ್ ತುಳಿದು ಒಳಗೆ ನುಗ್ಗುವವನ ಹಿಂಚಕ್ರಗಳು ಲಾಕ್ ಆಗಿ ಕಾರ್ಟ್ ಜಾರುತ್ತದೆ. ಹೇಗೋ ಜಾರದೆ ಉಳಿದರೂ, ತೀರಾ ಬಿಗಿಯಾಗಿ ತಿರುಗಿಸಬೇಕಾಗಿ ಬಂದು ವೇಗ ಸತ್ತು, ಎಂಜಿನ್ ಉಸಿರು ಕಟ್ಟಿದಂತೆ ಮುಕ್ಕರಿಯುತ್ತದೆ. ಆಗ ಹೊರಗಿದ್ದವನು ತುಸು ನಿಧಾನಿಸಿ, ತಿರುವಿನ ಒಳ ಅಂಚನ್ನು ತಡವಾಗಿ ಮುಟ್ಟಿ, ಎದುರಾಳಿಗಿಂತ ಮೊದಲೇ ಆಕ್ಸಿಲರೇಟರ್ ಒತ್ತಿ, ಮುಂದಿನ ನೇರ ಹಾದಿಯಲ್ಲಿ ತನ್ನ ಸ್ಥಾನವನ್ನು ಮರಳಿ ಪಡೆಯುತ್ತಾನೆ. ಟ್ರ್ಯಾಕಿನಲ್ಲಿ ‘ಕಟ್‌ಬ್ಯಾಕ್’ ಎನ್ನುವುದು ಇದಕ್ಕೇ. ನುಗ್ಗಿದವನ ಮುನ್ನಡೆ ಇಪ್ಪತ್ತು ಮೀಟರ್ ಕೂಡ ಬಾಳದೆ ಹೋದದ್ದನ್ನು ನಾನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ.

ನನ್ನ ನೆನಪಿನಲ್ಲಿ ಉಳಿದಿರುವ ಅತ್ಯುತ್ತಮ ಓವರ್‌ಟೇಕ್ ಮಾಡಿದವಳು ಹನ್ನೆರಡರ ಆಸುಪಾಸಿನ ಒಬ್ಬ ಹುಡುಗಿ. ಹತ್ತು ಲ್ಯಾಪ್‌ಗಳ (ಸುತ್ತುಗಳ) ಆ ರೇಸ್‌ನಲ್ಲಿ ಆರು ಲ್ಯಾಪ್ ಆಕೆ ಮುಂದಿನವನ ಬೆನ್ನಿಗೇ ಇದ್ದಳು, ಒಮ್ಮೆಯೂ ತಾಗಲಿಲ್ಲ. ಬೇಲಿಯಾಚೆ ನಿಂತಿದ್ದ ಆಕೆಯ ತಂದೆ ‘ಹೋಗು, ಹೋಗು’ ಎಂದು ಕೂಗುತ್ತಲೇ ಇದ್ದರು. (ಎಂಜಿನ್ ಸದ್ದಿನಲ್ಲಿ ಅದು ಆಕೆಗೆ ಕೇಳಿಸದೆ ಹೋದದ್ದು ಒಳ್ಳೆಯದೇ ಆಯಿತು.) ಮುಂದಿನವನು ಹೇರ್‌ಪಿನ್ ತಿರುವಿಗೆ ಮೊದಲು ಪ್ರತಿ ಸಲವೂ ಬೇಗ ಬ್ರೇಕ್ ಹಿಡಿಯುತ್ತಾನೆಂಬುದನ್ನು ಆಕೆ ಗಮನಿಸಿದ್ದಳೆಂದು ತೋರುತ್ತದೆ. ಏಳನೆಯ ಲ್ಯಾಪ್‌ನಲ್ಲಿ ಅದಕ್ಕೂ ಹಿಂದಿನ ತಿರುವಿನಲ್ಲಿ ಒಳಬದಿಗೆ ಕಾರ್ಟಿನ ಮೂತಿಯನ್ನು ತುಸು ತೋರಿಸಿದಳು. ಹೆದರಿದ ಹುಡುಗ ಒಳಬದಿಯನ್ನು ಮುಚ್ಚಲು ಹೋಗಿ ತನ್ನ ಲೈನ್ (ತಿರುವಿನಲ್ಲಿ ಸಾಗುವ ಜಾಡು) ಬಿಟ್ಟ, ತಿರುವಿನಿಂದ ನಿಧಾನವಾಗಿ ಹೊರಬಂದ. ಅಗಲವಾದ ಲೈನ್ ಹಿಡಿದಿದ್ದ ಈಕೆ ಅವನ ಹಿಂದಿನ ಗಾಳಿಯ ಆಸರೆಯಲ್ಲಿ ವೇಗ ಕೂಡಿಸಿಕೊಂಡು, ಹೇರ್‌ಪಿನ್ ಬರುವ ಮೊದಲೇ ಪಕ್ಕಕ್ಕೆ ಸರಿಸಮನಾಗಿ ನಿಂತು, ಒಳಬದಿಯಿಂದ ಮುಂದಾದಳು. ಇಬ್ಬರ ನಡುವೆ ಒಂದು ಗೇಣು ಜಾಗ ಉಳಿದಿತ್ತು. ತಿರುವಿಗೆ ಇಳಿಯುವ ಮೊದಲೇ ಪಕ್ಕದಲ್ಲಿ ಕಾಣಿಸಿಕೊಂಡಿದ್ದರಿಂದಲೇ ಆ ಹುಡುಗನೂ ಜಾಗ ಬಿಟ್ಟುಕೊಟ್ಟ. ಕಾಣದವರಿಗೆ ಜಾಗ ಬಿಡಲು ಯಾರಿಂದಲೂ ಆಗದು.

ಗುದ್ದಾಟದಿಂದ ಆಗುವ ಅಪಾಯದ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. ರೇಸ್ ಕಾರ್ಟ್‌ಗಳಲ್ಲಿ ಸೀಟ್ ಬೆಲ್ಟ್ ಇರುವುದಿಲ್ಲ, ಚಕ್ರಗಳು ತೆರೆದೇ ಇರುತ್ತವೆ. ಒಬ್ಬರ ಮುಂಚಕ್ರ ಇನ್ನೊಬ್ಬರ ಹಿಂಚಕ್ರವನ್ನು ಏರಿದರೆ ಕಾರ್ಟ್ ಮಗುಚುತ್ತದೆ. ಅಂತರರಾಷ್ಟ್ರೀಯ ಕಾರ್ಟಿಂಗ್‌ನಲ್ಲಿ ತಳ್ಳಾಟ ಮಿತಿಮೀರಿದ್ದರಿಂದಲೇ 2015ರಲ್ಲಿ, ಗುದ್ದಿದರೆ ಜಾಗ ಬಿಟ್ಟು ಕುಸಿಯುವ ಮುಂದಿನ ಬಂಪರ್ ಜಾರಿಗೆ ಬಂತು. ರೇಸ್ ಮುಗಿದಾಗ ಬಂಪರ್ ಸರಿಯಾದ ಸ್ಥಾನದಲ್ಲಿ ಇರದಿದ್ದರೆ ಈಗ 5 ಸೆಕೆಂಡ್ ದಂಡ ಬೀಳುತ್ತದೆ. ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಾಗಿ ಹೆಣಗುವ ಆಟದಲ್ಲಿ ಅಷ್ಟು ಸಾಕು, ಹಲವಾರು ಸ್ಥಾನ ಕೆಳಗಿಳಿಸಲು. ಮುಂದಿನವನು ಬೇಕೆಂದೇ ಬ್ರೇಕ್ ಹಿಡಿದಾಗಲೂ ಹಿಂದಿನವನೇ ದಂಡ ತೆರಬೇಕಾಗುತ್ತದೆ ಎಂಬ ದೂರಿನಲ್ಲಿ ಹುರುಳಿದೆ. ಆದರೂ ಹಿಂದೆ ಇದ್ದವನ ಕಾಲಿಗೆ ಆ ಭಯ ಇರುವುದೇ ಮೇಲೆಂದು ನನ್ನ ಅಭಿಪ್ರಾಯ. 2020ರ ಅಕ್ಟೋಬರಿನಲ್ಲಿ ಇಟಲಿಯ ಲೊನಾಟೊದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ರೇಸ್‌ನಲ್ಲಿ ಡಿಕ್ಕಿಯಿಂದಾಗಿ ಹೊರಬಿದ್ದ ಚಾಲಕ ಲೂಕಾ ಕೊರ್ಬೆರಿ, ಕಳಚಿದ ಬಂಪರನ್ನೇ ಎತ್ತಿ, ಎದುರಾಳಿಯ ಓಡುತ್ತಿದ್ದ ಕಾರ್ಟಿನತ್ತ ಎಸೆದದ್ದನ್ನೂ, ಮರುವರ್ಷ ಅವರಿಗೆ 15 ವರ್ಷಗಳ ನಿಷೇಧ ಬಿದ್ದದ್ದನ್ನೂ ಓದುಗರು ನೆನಪಿಸಿಕೊಳ್ಳಬಹುದು.

ಬಾಡಿಗೆ ಕಾರ್ಟ್‌ಗಳ ಸುತ್ತ ದಪ್ಪ ಬಂಪರ್ ಇರುವುದರಿಂದ, ಜಾತ್ರೆಯ ಡಿಕ್ಕಿ ಕಾರುಗಳಂತೆ ಇವೂ ಗುದ್ದಲಿಕ್ಕೇ ಇವೆ ಎಂದು ಮಕ್ಕಳು ತಿಳಿಯುವುದು ಸಹಜ. ಸೋಜಿಗವೆಂದರೆ, ಅಲ್ಲಿ ಹೆಚ್ಚಾಗಿ ಗೆಲುವು ನಿರ್ಧಾರವಾಗುವುದು ಅತಿ ವೇಗದ ಲ್ಯಾಪ್ ಸಮಯದಿಂದ. ಮುಂದಿನವರು ನಿಧಾನವಿದ್ದರೆ ಅರ್ಧ ಲ್ಯಾಪ್ ಹಿಂದುಳಿದು, ಖಾಲಿ ಹಾದಿ ಮಾಡಿಕೊಂಡು ಓಡಿಸಿದರೆ ಸಮಯ ತಾನಾಗಿ ಸುಧಾರಿಸುತ್ತದೆ. ಗುದ್ದಿದರೆ ಇಬ್ಬರ ಲ್ಯಾಪೂ ಕೆಡುತ್ತದೆ. ಹಿಂದೆ ವೇಗದ ಕಾರ್ಟ್ ಬಂದಿದೆ, ದಾರಿ ಬಿಡಿ ಎಂದು ತೋರಿಸುವ ನೀಲಿ ಬಾವುಟದ ಅರ್ಥ ಕೂಡ ಬಹುಪಾಲು ಗ್ರಾಹಕರಿಗೆ ಗೊತ್ತಿರುವುದಿಲ್ಲ. ಇತ್ತೀಚೆಗೆ ಮೊಮ್ಮಗನನ್ನು ಕರೆದೊಯ್ದ ಟ್ರ್ಯಾಕ್ ಒಂದರಲ್ಲಿ ಓಡಿಸುವ ಮೊದಲು ಕೊಟ್ಟ ಸೂಚನೆ ಎರಡು ನಿಮಿಷದ್ದು, ಅದೂ ಬರೀ ಇಂಗ್ಲಿಷಿನಲ್ಲಿ; ಹಳದಿ ಬಾವುಟ ಕಂಡಾಗ ಯಾರನ್ನೂ ಹಿಂದಿಕ್ಕಬಾರದೆಂಬ ಮಾತೂ ಅದರಲ್ಲಿ ಇರಲಿಲ್ಲ. ಟ್ರ್ಯಾಕ್ ನಡೆಸುವವರು ಈ ಸೂಚನೆಯನ್ನು ಕನ್ನಡದಲ್ಲಿಯೂ ಕೊಡಬೇಕು, ಎರಡನೆಯ ಬಾರಿ ಗುದ್ದಿದವರನ್ನು ಪಿಟ್‌ಗೆ (ಟ್ರ್ಯಾಕ್ ಬದಿಯ ನಿಲುಗಡೆ ಜಾಗಕ್ಕೆ) ಕರೆದು ಇಳಿಸಬೇಕು. ಹಣ ಕೊಟ್ಟ ಗ್ರಾಹಕ ಮುನಿಸಿಕೊಂಡಾನೆಂಬ ಅಳುಕು ಅವರಿಗೆ ಇರಬಹುದು. ಆದರೆ ಗುದ್ದಿಸಿಕೊಂಡವನೂ ಹಣ ಕೊಟ್ಟೇ ಬಂದಿರುತ್ತಾನೆ.

2011ರಲ್ಲಿ, ಆಗ ಫಾರ್ಮುಲಾ ಒನ್ ರೇಸ್‌ಗಳಲ್ಲಿದ್ದ ಫೋರ್ಸ್ ಇಂಡಿಯಾ ತಂಡ ದೇಶದಾದ್ಯಂತ ಕಾರ್ಟ್‌ಗಳ ಮೂಲಕ ನಡೆಸಿದ ಪ್ರತಿಭಾಶೋಧದಲ್ಲಿ ಗೆದ್ದ ಅರ್ಜುನ್ ಮೈನಿ ನಮ್ಮ ಬೆಂಗಳೂರಿನವರೇ. ಇಲ್ಲಿಂದ ಫಾರ್ಮುಲಾ ಕಾರುಗಳತ್ತ ಹೋಗುವ ಕನಸಿರುವ ಮಕ್ಕಳಿಗೆ ತಳ್ಳುವ ಅಭ್ಯಾಸ ಅಂಟಿಕೊಂಡರೆ, ಆ ಕಾರುಗಳಲ್ಲಿ ಮೊದಲ ಗುದ್ದಿಗೇ ಮುಂದಿನ ರೆಕ್ಕೆ ಮುರಿದು ರೇಸ್ ಮುಗಿಯುತ್ತದೆ. ಆದ್ದರಿಂದ ತಮ್ಮ ವರದಿಗಾರರು ಮುಂದಿನ ಸಲ ಕಾರ್ಟಿಂಗ್ ಬಗ್ಗೆ ಬರೆಯುವ ಮೊದಲು ಹೇರ್‌ಪಿನ್ ತಿರುವಿನ ಬಳಿ ಅರ್ಧ ಗಂಟೆ ನಿಂತು, ಯಾರು ಯಾರನ್ನು ಹೇಗೆ ಹಿಂದಿಕ್ಕಿದರೆಂದು ನೋಡಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಹಳೆಯ ಮಾರ್ಷಲ್, ಬೆಂಗಳೂರು