ಮೊದಲು ಕೀಮೋ, ಆಮೇಲೆ ಕರೆಂಟು

ಲಂಡನ್

ಪ್ರೀತಿಯ ಅಕ್ಕ,

ನಾವು ಇಲ್ಲಿ ಆರಾಮಾಗಿದ್ದೇವೆ. ಹಿಂದಿನ ಬೀದಿ ದೊಡ್ಡಮ್ಮನ ವಿಷಯ ಓದಿ ತುಂಬಾ ಸಂಕಟವಾಯಿತು. ಗರ್ಭಕೋಶದ ಬಾಯಿಯ ಕ್ಯಾನ್ಸರ್‌ಗೆ ಕರೆಂಟ್ (ರೇಡಿಯೇಷನ್) ಕೊಡೋದು ಬಿಟ್ಟು ಆರು ವಾರ ಬರೀ ಕೀಮೋ ಯಾಕೆ, ಡಾಕ್ಟರು ಸುಮ್ನೆ ದಿನ ತಳ್ಳುತ್ತಿದ್ದಾರಾ ಅಂತ ಅವರ ಮಗ ಕೇಳಿದನಂತಲ್ಲ. ಇಲ್ಲ ಅಂತ ಹೇಳು. ಅದಕ್ಕೆ ಗಟ್ಟಿ ಕಾರಣ ಇದೆ.

ಇಲ್ಲಿನ ಯುನಿವರ್ಸಿಟಿ ಕಾಲೇಜ್ ಲಂಡನ್‌ನವರು ಇಂಟರ್‌ಲೇಸ್ ಅಂತ ಒಂದು ಟ್ರಯಲ್, ಅಂದರೆ ಎರಡು ಚಿಕಿತ್ಸೆ ಹೋಲಿಸುವ ಅಧ್ಯಯನ, ನಡೆಸಿದರು. 2012ರಿಂದ 2022ರವರೆಗೆ 500 ಹೆಂಗಸರು ಸೇರಿದರು. ನಮ್ಮ ದೇಶದವರೂ ಇದ್ದರು. ಯಾರಿಗೆ ಯಾವ ಚಿಕಿತ್ಸೆ ಅನ್ನೋದು ಚೀಟಿ ಎತ್ತಿದ ಹಾಗೆ ತೀರ್ಮಾನವಾಯಿತು. ಅರ್ಧ ಜನಕ್ಕೆ ಎಂದಿನಂತೆ ಕರೆಂಟು, ಜೊತೆಗೆ ಸಿಸ್‌ಪ್ಲಾಟಿನ್ ಅನ್ನೋ ಕೀಮೋ ಔಷಧಿ. ಉಳಿದವರಿಗೆ ಅದಕ್ಕೂ ಮೊದಲು ಆರು ವಾರ, ವಾರಕ್ಕೊಮ್ಮೆ ಕಾರ್ಬೋಪ್ಲಾಟಿನ್ ಮತ್ತು ಪ್ಯಾಕ್ಲಿಟ್ಯಾಕ್ಸೆಲ್ ಅನ್ನೋ ಎರಡು ಕೀಮೋ ಔಷಧಿ. ಔಷಧಿ ಇಲ್ಲದೆ ಯಾರನ್ನೂ ಬಿಡಲಿಲ್ಲ. ಐದು ವರ್ಷಕ್ಕೆ ಮೊದಲ ಗುಂಪಿನಲ್ಲಿ ಬದುಕಿದ್ದವರು 72%, ಎರಡನೇದರಲ್ಲಿ 80%. ನೂರಕ್ಕೆ ಎಂಟು ಜೀವ ಜಾಸ್ತಿ ಅಕ್ಕ! ಅದೂ ಲಕ್ಷಗಟ್ಟಲೆ ಬೆಲೆಯ ಹೊಸ ಔಷಧಿಯಿಂದಲ್ಲ. ಎರಡೂ ಹಳೆಯವು, ನಮ್ಮ ಕಡೆಯೂ ಸಿಗುವಂಥವು.

ಸುಲಭ ಅಂತ ಮಾತ್ರ ಹೇಳಲಾರೆ. ಕೀಮೋ ಮೊದಲು ಪಡೆದವರಲ್ಲಿ 59% ಜನಕ್ಕೆ ಜೋರಾದ ಅಡ್ಡಪರಿಣಾಮ ಆಯಿತು, ಇನ್ನೊಂದು ಗುಂಪಿನಲ್ಲಿ 48%. ನಮ್ಮ ವಾರ್ಡಿನಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಡ್ರಿಪ್ ಹಾಕುವ ಮುಂಚೆ ಸ್ಟೀರಾಯ್ಡು, ಅಲರ್ಜಿ ತಡೆಯುವ ಇಂಜೆಕ್ಷನ್ನು ಕೊಡುತ್ತೇವೆ. ಆ ಅಲರ್ಜಿ ಇಂಜೆಕ್ಷನ್ನಿಗೇ ನಿದ್ದೆ ಬಂದು ಕಣ್ಣು ಎಳೆಯುತ್ತೆ. ಪಕ್ಕದಲ್ಲಿ ಕೂತವರು ಗಾಬರಿಯಾಗುತ್ತಾರೆ. ಡ್ರಿಪ್ ಶುರುವಾದಾಗ ನಾನು ಮಂಚ ಬಿಟ್ಟು ಕದಲುವುದಿಲ್ಲ. ಎದೆ ಬಿಗಿಯಿತು, ಮುಖ ಕೆಂಪಾಯಿತು ಅಂದರೆ ತಕ್ಷಣ ನಿಲ್ಲಿಸಬೇಕು. ದೊಡ್ಡಮ್ಮ ಸಂಕೋಚದ ಹೆಂಗಸು, ನರ್ಸನ್ನು ಕೂಗಲು ಹಿಂಜರಿಯಬಾರದು ಅಂತ ಹೇಳು. ಮನೆಗೆ ಬಂದಮೇಲೆ ಜ್ವರ ಬಂದರೆ ಅದೇ ರಾತ್ರಿ ಆಸ್ಪತ್ರೆಗೆ ಹೋಗಬೇಕು. ಮಾತ್ರೆ ನುಂಗಿ ಬೆಳಗಾಗಲಿ ಅಂತ ಕೂರಬಾರದು. ಆಗ ರಕ್ತದಲ್ಲಿ ಬಿಳಿ ಕಣ ಕಡಿಮೆ ಇರುತ್ತೆ.

ನನಗಿರೋ ದೊಡ್ಡ ಭಯ ಬೇರೆ. ಎರಡು ಮೂರು ಕೀಮೋ ಆದಮೇಲೆ ರಕ್ತ ಹೋಗೋದು ನಿಂತರೆ ವಾಸಿಯಾಯಿತು ಅಂತ ಊರಿಗೆ ವಾಪಸ್ ಬರುವವರಿದ್ದಾರೆ. ಏಳನೇ ವಾರವೇ ಕರೆಂಟು ಶುರುವಾಗಬೇಕು, ಅಲ್ವಾ? ಟ್ರಯಲ್‌ನಲ್ಲೂ ಹಾಗೇ ಮಾಡಿದ್ದು. ಮದುವೆ, ಜಾತ್ರೆ ಅಂತ ನಡುವೆ ತಡ ಬೇಡ. ಕರೆಂಟಿನ ತಾರೀಖು ಈಗಲೇ ಬರೆಸಿಕೊಳ್ಳಲಿ.

ಕಾಯಿಲೆ ಬೇರೆ ಅಂಗಕ್ಕೆ ಹರಡಿದ್ದರೆ ಈ ಲೆಕ್ಕ ನಡೆಯಲ್ಲ. ಸ್ಕ್ಯಾನ್ ರಿಪೋರ್ಟು ವಾಟ್ಸಾಪ್ ಮಾಡು, ಓದಿ ಹೇಳುತ್ತೇನೆ. ಅವರ ಬಿಪಿಎಲ್ ಕಾರ್ಡು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಗೆ ಸೇರಿದೆಯಾ ಅಂತಲೂ ನೋಡು. ಅಪ್ಪ ಅಮ್ಮನಿಗೆ ನಮಸ್ಕಾರ ತಿಳಿಸು.

ನಿನ್ನ ತಂಗಿ