ಚೀಟಿಯಲ್ಲಿ ಇದ್ದ ಸಿಸ್ಟರ್ ಕೋಣೆಯಲ್ಲಿ ಇರಲಿಲ್ಲ

ಇವರಿಗೆ,
ಆಡಳಿತಾಧಿಕಾರಿಗಳು,
ಖಾಸಗಿ ಆಸ್ಪತ್ರೆ, ಕಾಸರಗೋಡು

ವಿಷಯ: ಒಳ ಪರೀಕ್ಷೆಯ ಹೊತ್ತಿಗೆ ಸಿಸ್ಟರ್ ಇಲ್ಲದಿದ್ದುದು, ಚೀಟಿಯಲ್ಲಿ ತಪ್ಪು ಬರೆದದ್ದು

ಮಾನ್ಯರೆ,

ಮೊನ್ನೆ ಮಂಗಳವಾರ ಬದಿಯಡ್ಕದಿಂದ ಅಮ್ಮನನ್ನು ನಿಮ್ಮಲ್ಲಿಗೆ ಕರೆತಂದಿದ್ದೆ. ಅವರಿಗೆ 63 ವರ್ಷ. ಮುಟ್ಟು ನಿಂತು ಹನ್ನೆರಡು ವರ್ಷವಾದ ಮೇಲೆ ಮತ್ತೆ ರಕ್ತ ಕಂಡಿತ್ತು. "ಈ ಪ್ರಾಯದಲ್ಲಿ ಯಾರಿಗೆ ತೋರಿಸುವುದು" ಎಂದು ಎರಡು ತಿಂಗಳು ಮುಚ್ಚಿಟ್ಟಿದ್ದರು. ಒಪ್ಪಿಸುವಷ್ಟರಲ್ಲಿ ನನಗೆ ಸಾಕುಸಾಕಾಗಿತ್ತು.

ಬಾಗಿಲಲ್ಲಿ ನನ್ನನ್ನು ತಡೆದರು. "ಒಳಗೆ ಸಿಸ್ಟರ್ ಇದ್ದಾರೆ, ನೀವು ಕೂತುಕೊಳ್ಳಿ" ಎಂದರು. ನಂಬಿ ಕೂತೆ. ಆ ಸಿಸ್ಟರ್ ಅಮ್ಮನನ್ನು ಮಲಗಿಸಿ, ಫೋನ್ ಬಂತೆಂದು ಹೋದವರು ಪರೀಕ್ಷೆ ಮುಗಿಯುವವರೆಗೂ ಬರಲಿಲ್ಲವಂತೆ. ಡಾಕ್ಟರು ಗಂಡಸು. ಅವರು ಕೆಟ್ಟದಾಗಿ ನಡೆದುಕೊಂಡರು ಎಂದು ನಾನು ಹೇಳುತ್ತಿಲ್ಲ, ಅಮ್ಮನೂ ಹೇಳಿಲ್ಲ. ಆದರೆ ಅಮ್ಮನಿಗೆ ಬರುವುದು ಬಸ್ಸಿಗೂ ಅಂಗಡಿಗೂ ಸಾಲುವಷ್ಟು ಮಲಯಾಳ. ನೋವಾದಾಗ "ಸ್ವಲ್ಪ ನಿಲ್ಲಿಸಿ" ಎಂದು ಕನ್ನಡದಲ್ಲೇ ಹೇಳಿದರಂತೆ. ಡಾಕ್ಟರಿಗೆ ಅರ್ಥವಾಗಲಿಲ್ಲವೋ ಏನೋ, ನಿಲ್ಲಿಸಲಿಲ್ಲ. ಆ ಒಂದು ಮಾತು ದಾಟಿಸಲಿಕ್ಕಾದರೂ ಒಬ್ಬರು ಬೇಡವಾ?

ವಾಪಸು ಬರುವಾಗ ಬಸ್ಸಿನಲ್ಲಿ ಓಪಿ ಚೀಟಿ ನೋಡಿದೆ. ಪರೀಕ್ಷೆಯ ಹೊತ್ತಿಗೆ ಹೆಂಗಸೊಬ್ಬರು ಇದ್ದರೇ ಎಂಬ ಸಾಲಿನ ಮುಂದೆ ಟಿಕ್ ಹಾಕಿದ್ದೀರಿ. ಹೆಸರಿಲ್ಲ, ಸಹಿಯಿಲ್ಲ. ನಿಜ ಹೇಳಬೇಕೆಂದರೆ ನಾನು ದೂರು ಬರೆಯಲು ಕೂತದ್ದು ಆ ಟಿಕ್ ನೋಡಿದ ಮೇಲೆಯೇ. ನಾಳೆ ಏನಾದರೂ ಮಾತು ಬಂದರೆ ನಿಮ್ಮ ಡಾಕ್ಟರ ಪರವಾಗಿ ಹೇಳಲಿಕ್ಕೂ ಯಾರೂ ಇಲ್ಲ.

ಫೋನ್ ಮಾಡಿದರೆ ಕೌಂಟರಿನವರು "ಮಗಳು ನೀವಿದ್ದಿರಲ್ಲ, ಒಳಗೆ ಹೋಗಬಹುದಿತ್ತು" ಎಂದರು. ತಡೆದವರೂ ನೀವೇ ಅಲ್ವಾ! ನಾನು ಒಳಗಿದ್ದರೂ ಸಿಸ್ಟರ್ ಬೇಕಿತ್ತು. ಪರೀಕ್ಷೆ ಸರಿಯಾಗಿ ನಡೆಯುತ್ತಿದೆಯೋ ಇಲ್ಲವೋ ನನಗೇನು ಗೊತ್ತು? ನನ್ನೆದುರು ಮಲಗಲು ಅಮ್ಮನಿಗೆ ನಾಚಿಕೆಯೂ ಆಗಬಹುದು. ಅದನ್ನು ಅವರನ್ನೇ ಕೇಳಬೇಕಿತ್ತು.

ಇದು ನನ್ನ ಹಟ ಅಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ತಯಾರಿಸಿದ ರೋಗಿಗಳ ಹಕ್ಕುಗಳ ಪಟ್ಟಿಯಲ್ಲೇ ಇದೆ: ಗಂಡು ಡಾಕ್ಟರು ಹೆಣ್ಣು ರೋಗಿಯ ಮೈ ಪರೀಕ್ಷೆ ಮಾಡುವಾಗ ಇನ್ನೊಬ್ಬ ಹೆಂಗಸು ಇರಬೇಕು, ಆ ಏರ್ಪಾಡು ಮಾಡುವುದು ಆಸ್ಪತ್ರೆಯ ಹೊಣೆ.

ಚೀಟಿಯನ್ನು ಸರಿಪಡಿಸಿ, ಅಮ್ಮನ ದಾಖಲೆಯ ಪ್ರತಿ ಕೊಡಿ. ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು 2002ರ ವೈದ್ಯರ ನಡತೆಯ ನಿಯಮದಲ್ಲಿದೆ. ಇನ್ನು ಮೇಲೆ ಟಿಕ್ ಸಾಲದು, ಒಳಗಿದ್ದ ಸಿಸ್ಟರ್ ಹೆಸರು ಬರೆದು ಸಹಿ ಹಾಕಲಿ.

ಮುಂದಿನ ಗುರುವಾರ ಬಯಾಪ್ಸಿಗೆ ಬರಲು ಹೇಳಿದ್ದೀರಿ. ಅಮ್ಮ ಬರುವುದಿಲ್ಲ ಎನ್ನುತ್ತಿದ್ದಾರೆ. ಅಂದು ಒಳಗೆ ಯಾವ ಸಿಸ್ಟರ್ ಇರುತ್ತಾರೆ, ಅವರಿಗೆ ಕನ್ನಡ ಬರುತ್ತದೆಯೇ ಎಂದು ಮಂಗಳವಾರದೊಳಗೆ ತಿಳಿಸಿ. ಅಮ್ಮನಿಗೆ ಹೇಳಬೇಕು.

ಇಂತಿ,
ರೋಗಿಯ ಮಗಳು